ಅಜ್ಜಿಯ ವೀಸಾ ಆರೇ ತಿಂಗಳು

ಶಿಶುಪಾಲನೆಗೆ ಸರ್ಕಾರ ದುಡ್ಡು ಹಾಕಬೇಕು ಎಂದರೆ ಸಾಕು, ಕ್ಯಾಲಿಫೋರ್ನಿಯಾದ ವುಡ್‌ಲ್ಯಾಂಡ್ ಹಿಲ್ಸ್‌ನ ನಮ್ಮ ಕನ್ನಡ ಮನೆಗಳಲ್ಲೇ ನಾಲ್ಕು ಆಕ್ಷೇಪಗಳು ಏಳುತ್ತವೆ. ಒಂದೊಂದಾಗಿ ಉತ್ತರಿಸುತ್ತೇನೆ.

ಒಂದು: “ಊರಿಂದ ಅಜ್ಜಿ ಬರ್ತಾರಲ್ಲ!” ಬರುತ್ತಾರೆ, ಬಾಣಂತನವನ್ನೂ ಮಾಡುತ್ತಾರೆ. ಆದರೆ ಸಂದರ್ಶಕರ ವೀಸಾದಲ್ಲಿ ಒಂದು ಸಲಕ್ಕೆ ಸಿಗುವುದು ಸಾಮಾನ್ಯವಾಗಿ ಆರು ತಿಂಗಳು. ಎರಡೂ ಕಡೆಯ ಅಜ್ಜಿಯರು ಸರದಿ ಹಿಡಿದರೂ ಮಗುವಿಗೆ ಒಂದು ವರ್ಷ ತುಂಬುತ್ತದೆ, ಅಷ್ಟೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳ ಟಿಕೆ (ಕಿಂಡರ್‌ಗಾರ್ಟನ್‌ಗೂ ಮುಂಚಿನ) ತರಗತಿ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ತೆರೆದದ್ದೇ 2025–26ರಲ್ಲಿ. ನಡುವಿನ ಮೂರು ವರ್ಷ ಯಾರ ಹೆಗಲಿಗೆ?

ಎರಡು: “ಅವಳ ಸಂಬಳವೆಲ್ಲ ಡೇಕೇರಿಗೇ ಹೋಗುತ್ತೆ, ಮನೇಲಿರೋದೇ ವಾಸಿ.” ಈ ಲೆಕ್ಕದಲ್ಲಿ ಶುಲ್ಕ ಕಳೆಯುವುದು ಯಾವಾಗಲೂ ಹೆಂಡತಿಯ ಸಂಬಳದಿಂದ, ಗಂಡನ ಸಂಬಳದಿಂದ ಕಳೆದವರನ್ನು ನಾನು ಕಾಣೆ. ತಪ್ಪಿದ ಬಡ್ತಿ, ಕಟ್ಟದೆ ಹೋದ ನಿವೃತ್ತಿಯ ಉಳಿತಾಯ ಇದರೊಳಗೆ ಬರುವುದೂ ಇಲ್ಲ. ಅವಲಂಬಿತರ ಎಚ್-4 ವೀಸಾದಲ್ಲಿ ಬಂದ ನಮ್ಮ ಹೆಣ್ಣುಮಕ್ಕಳಿಗೆ 2015ರವರೆಗೆ ದುಡಿಯುವ ಅನುಮತಿಯೇ ಇರಲಿಲ್ಲ. ಈಗಲೂ ಗಂಡನ ಗ್ರೀನ್‌ಕಾರ್ಡ್ ಅರ್ಜಿ ಒಂದು ಹಂತ ಮುಟ್ಟಬೇಕು. ಅಷ್ಟು ಕಾದು ಕೆಲಸ ಹಿಡಿದವಳನ್ನು ಮತ್ತೆ ಮನೆಯಲ್ಲಿ ಕೂರಿಸುವುದು ಯಾವ ಉಳಿತಾಯ?

ಮೂರು: “ಮಕ್ಕಳನ್ನು ನೋಡಿಕೊಳ್ಳೋದು ಸರ್ಕಾರದ ಕೆಲಸವಲ್ಲ.” ಎರಡನೇ ಮಹಾಯುದ್ಧದಲ್ಲಿ ವುಡ್‌ಲ್ಯಾಂಡ್ ಹಿಲ್ಸ್ ಇರುವ ಇದೇ ಕಣಿವೆಯ ಬರ್ಬ್ಯಾಂಕ್‌ನಲ್ಲಿ ಹೆಂಗಸರು ಲಾಕ್‌ಹೀಡ್ ವಿಮಾನಗಳನ್ನು ಜೋಡಿಸುತ್ತಿದ್ದಾಗ, ಲ್ಯಾನ್‌ಹ್ಯಾಮ್ ಎಂಬ ಕೇಂದ್ರ ಕಾಯ್ದೆಯ ಹಣದಿಂದ ದೇಶದ ಉದ್ದಗಲಕ್ಕೂ ಶಿಶುಕೇಂದ್ರಗಳು ನಡೆದವು. 1946ರಲ್ಲಿ ಆ ಹಣ ನಿಂತಿತು. ಆದರೆ ಕ್ಯಾಲಿಫೋರ್ನಿಯಾ ಸ್ವಂತ ಹಣದಲ್ಲಿ ತನ್ನ ಕೇಂದ್ರಗಳನ್ನು ಮುಂದುವರಿಸಿತು. ದೇಶಕ್ಕೆಲ್ಲ ಅಂಥ ವ್ಯವಸ್ಥೆ ಕಟ್ಟುವ ಮಸೂದೆಯನ್ನು 1971ರಲ್ಲಿ ಅಧ್ಯಕ್ಷ ನಿಕ್ಸನ್ ತಡೆದರು. ಹೆಂಗಸರ ದುಡಿಮೆ ಬೇಕಾದಾಗ ಸರ್ಕಾರದ ಕೆಲಸವಾಗಿದ್ದದ್ದು, ಬೇಡವಾದಾಗ ಮನೆಯ ಕೆಲಸವಾಯಿತು. ಕರ್ನಾಟಕದಲ್ಲಿ ನರೇಗಾ ಕೂಲಿ ಮಾಡುತ್ತಿದ್ದ ತಾಯಂದಿರಿಗಾಗಿ ಪಂಚಾಯಿತಿಗಳೇ ‘ಕೂಸಿನ ಮನೆ’ ಎಂಬ ಶಿಶುಕೇಂದ್ರಗಳನ್ನು ತೆರೆದವು. ಅಲ್ಲಿ ಸರಿಯಾದದ್ದು ಇಲ್ಲಿ ಹೇಗೆ ತಪ್ಪು?

ನಾಲ್ಕು: “ಕ್ವಿಬೆಕ್‌ನಲ್ಲಿ ಮಕ್ಕಳಿಗೆ ತೊಂದರೆಯಾಯ್ತು.” ಈ ಆಕ್ಷೇಪದಲ್ಲಿ ಹುರುಳಿದೆ. ಕೆನಡಾದ ಆ ಪ್ರಾಂತ್ಯದಲ್ಲಿ 1997ರಲ್ಲಿ ದಿನಕ್ಕೆ 5 ಡಾಲರಿನ ಡೇಕೇರ್ ಶುರುವಾಯಿತು. ಮಕ್ಕಳಲ್ಲಿ ಆತಂಕ, ಆಕ್ರಮಣಶೀಲತೆ ಹೆಚ್ಚಿತೆಂದು ಬೇಕರ್, ಗ್ರೂಬರ್, ಮಿಲಿಗನ್ ಎಂಬ ಅರ್ಥಶಾಸ್ತ್ರಜ್ಞರು ಬರೆದರು. ತಾಯಂದಿರ ಉದ್ಯೋಗ ಗಣನೀಯವಾಗಿ ಏರಿತೆಂದೂ ಅದೇ ಅಧ್ಯಯನ ಹೇಳುತ್ತದೆ. ಹಾಗಾದರೆ ಕೇಳಬೇಕಾದದ್ದು ಗುಣಮಟ್ಟವನ್ನು; ಡೇಕೇರ್ ಮುಚ್ಚುವುದನ್ನಲ್ಲ. ಕ್ಯಾಲಿಫೋರ್ನಿಯಾದ ಕೇಂದ್ರಗಳಲ್ಲಿ ನಾಲ್ಕು ಹಸುಗೂಸುಗಳಿಗೆ ಒಬ್ಬ ಶಿಕ್ಷಕಿ ಇರಲೇಬೇಕು. ಆಕೆಯ ಸಂಬಳವನ್ನು ಆ ನಾಲ್ಕು ಮನೆಗಳೇ ಹೊರಬೇಕಾದರೆ ಒಂದೋ ಶುಲ್ಕ ಕೈಗೆಟುಕದು, ಇಲ್ಲವೇ ಆಕೆಯ ಬದುಕು ಸಾಗದು. ಆಕೆಯೂ ದುಡಿಯುವ ಹೆಣ್ಣೇ ತಾನೆ? ಸರ್ಕಾರದ ಹಣ ಮೊದಲು ಹೋಗಬೇಕಾದದ್ದು ಆ ಸಂಬಳಕ್ಕೆ, ಟಿಕೆಗಿಂತ ಹಿಂದಿನ ಆ ವರ್ಷಗಳಿಗೆ.