ಯಾರ ಕಿವಿಗಾಗಿ?

ಟೀವಿ ಇರುವ ಮನೆಗಳಲ್ಲಿ ಸಂಜೆಯ ಜಗಳವೊಂದು ಎಲ್ಲರಿಗೂ ಪರಿಚಿತವಾದುದೇ. ಅಡುಗೆಮನೆಯಿಂದ “ಸ್ವಲ್ಪ ಸಣ್ಣಗೆ ಇಡಿ” ಎಂಬ ಕೂಗು. ಆರಾಮಕುರ್ಚಿಯಿಂದ “ಏನೂ ಕೇಳಿಸದು, ದೊಡ್ಡದು ಮಾಡಿ” ಎಂಬ ಉತ್ತರ. ನಮ್ಮ ಮನೆಯಲ್ಲಿ ಈ ಜಗಳ ಒಮ್ಮೆ ತಾನಾಗಿಯೇ ನಿಂತುಹೋಯಿತು. ನೆಮ್ಮದಿಯಾಯಿತೆಂದುಕೊಂಡೆವು. ವಾರ ಕಳೆದ ಮೇಲೆ ತಿಳಿಯಿತು: ಎಪ್ಪತ್ತೆಂಟು ವಯಸ್ಸಿನ ನಮ್ಮ ತಂದೆಯವರು ವಾರ್ತೆಯ ಹೊತ್ತಿಗೆ ನಡುಮನೆಗೆ ಬರುವುದನ್ನೇ ಬಿಟ್ಟಿದ್ದರು. ಕಾರಣ ಕೇಳಿದುದಕ್ಕೆ, “ಗದ್ದಲ ಕೇಳುತ್ತದಪ್ಪ, ಮಾತು ಕೇಳುವುದಿಲ್ಲ” ಎಂದರು.

ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆಯೇ ಅಡಗಿತ್ತು. ವಯಸ್ಸಾದಂತೆ ಕಿವಿಗೆ ಮೊದಲು ಮಂಕಾಗುವುದು ಸಣ್ಣನೆಯ, ಚೂಪಾದ ಸದ್ದುಗಳು. ಸ, ಶ, ತ, ಕ ಮುಂತಾದ ವ್ಯಂಜನಗಳ ಮೊನೆಯಿರುವುದು ಅಲ್ಲಿಯೇ. ಆದುದರಿಂದ ದನಿ ಕೇಳುತ್ತದೆ, ಅಕ್ಷರ ತಿಳಿಯುವುದಿಲ್ಲ, ‘ಕಾಲ’ವೆಂದುದು ‘ಸಾಲ’ವಾಗಿಬಿಡುತ್ತದೆ. ಇತ್ತ ಟೀವಿಗಳೋ ವರ್ಷವರ್ಷಕ್ಕೆ ತೆಳ್ಳಗಾಗಿ, ಅವುಗಳ ಪುಟ್ಟ ಸ್ಪೀಕರುಗಳು ಬಹುಮಟ್ಟಿಗೆ ಕೆಳಕ್ಕೋ ಹಿಂದಕ್ಕೋ ಮುಖಮಾಡಿ ಕುಳಿತಿವೆ. ಗೋಡೆಯೊಡನೆ ಮಾತನಾಡುವವನ ಮಾತು ನಮಗೆ ಸ್ಪಷ್ಟವಾದೀತು ಹೇಗೆ?

ಮೊದಲು ಅವರ ಕಿವಿಯ ಪರೀಕ್ಷೆ ಮಾಡಿಸಿದೆವು. ಆ ಕೆಲಸಕ್ಕೆ ಯಾವ ಯಂತ್ರವೂ ಬದಲಾಗಲಾರದು. ಅನಂತರ ಸೌಂಡ್‌ಬಾರ್ ಕೊಳ್ಳುವುದೆಂದು ನಿಶ್ಚಯವಾಯಿತು. ಹೈಸ್ಕೂಲಿನಲ್ಲಿ ಓದುವ ಮಗನೂ ಹೊರಟು ನಿಂತ. ಅವನ ಗಮನವೆಲ್ಲ ತನ್ನ ವಿಡಿಯೋ ಆಟಗಳ ಮೇಲೆ. ತಂದೆಯವರನ್ನು ಮಾತ್ರ ಬಲವಂತದಿಂದ ಹೊರಡಿಸಬೇಕಾಯಿತು.

ಅಂಗಡಿಯಾತ ಮೊದಲು ಬೆರಳಿಟ್ಟು ತೋರಿಸಿದುದು ವಾಟಿನ ಲೆಕ್ಕವನ್ನು. ವಾಚಕರು ಇದಕ್ಕೆ ಮರುಳಾಗಬಾರದು. ಪೆಟ್ಟಿಗೆಯ ಮೇಲಿನ ಅಂಕಿ ಎಷ್ಟೋ ವೇಳೆ ಕ್ಷಣಮಾತ್ರದ ಗರಿಷ್ಠ ಶಕ್ತಿ. ಅಲ್ಲದೆ ಶಕ್ತಿ ಹತ್ತು ಪಟ್ಟು ಹೆಚ್ಚಿದರೆ, ಅಂದರೆ ೧೦ ಡೆಸಿಬೆಲ್ ಏರಿದರೆ, ನಮ್ಮ ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರುತ್ತದೆ, ಅಷ್ಟೆ.

ನೋಡತಕ್ಕದ್ದು ೨.೦, ೨.೧, ೩.೧ ಎಂಬ ಗುರುತುಗಳನ್ನು. ಮೊದಲ ಅಂಕಿ ಮುಂದಿನ ಹಾಗೂ ಅಕ್ಕಪಕ್ಕದ ಧ್ವನಿಮಾರ್ಗಗಳ ಎಣಿಕೆ. ಚುಕ್ಕೆಯ ಮುಂದಿನ ಒಂದು, ಗಂಭೀರ ನಾದಕ್ಕಾಗಿ ಇರುವ ಸಬ್‌ವೂಫರ್. ೨.೧ಕ್ಕೂ ೩.೧ಕ್ಕೂ ಇರುವ ಅಂತರವೇ ಮುಖ್ಯ: ಮೂರನೆಯದು ನಡುವಿನ ಸ್ಪೀಕರು, ಮಾತಿಗೆಂದೇ ಮೀಸಲು. ೫.೧.೨ರಲ್ಲಿ ಕೊನೆಯ ಎರಡು, ೨೦೧೨ರಲ್ಲಿ ಬಂದ ಡಾಲ್ಬಿ ಅಟ್ಮಾಸ್‌ನ ಎತ್ತರದ ಸದ್ದಿಗಾಗಿ. ಸೌಂಡ್‌ಬಾರಿನಲ್ಲಿ ಸಾಮಾನ್ಯವಾಗಿ ಇವು ಮೇಲಕ್ಕೆ ನುಡಿದು, ತಾರಸಿಗೆ ತಾಗಿ ಸದ್ದು ಕೆಳಗಿಳಿಯಬೇಕು. ಸಮತಟ್ಟಾದ ತಾರಸಿಯಿದ್ದರೆ ಸರಿ. ಇಳಿಜಾರು ಹೆಂಚಿನ ಮಾಡಿನ ಕೆಳಗೆ ಆ ಹಣ ವ್ಯರ್ಥ.

ಆಟವಾಡುವ ಮಕ್ಕಳಿರುವವರು ಇನ್ನೊಂದನ್ನು ಗಮನಿಸಬೇಕು. ಬ್ಲೂಟೂತಿನಲ್ಲಿ ಸದ್ದು ತುಸು ತಡವಾಗಿ ಬರುತ್ತದೆ. ಹಾಡು ಕೇಳುವಾಗ ಅದು ತಿಳಿಯದು. ಆಟದಲ್ಲಿ ಮಾತ್ರ ಚೆಂಡು ಗೆರೆ ದಾಟಿದ ಮೇಲೆ ಒದೆತದ ಸದ್ದು ಕೇಳಿದಂತಾಗುತ್ತದೆ. ತಂತಿಯೇ ಲೇಸು. ಟೀವಿಯ ಹಿಂಬದಿಯಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ರಂಧ್ರವಿದೆಯೇ ಎಂದು ಮನೆಯಲ್ಲಿಯೇ ನೋಡಿಕೊಂಡು ಹೊರಡಿ. ೨೦೧೭ರಲ್ಲಿ ಬಂದ ಎರಡನೆಯದು ಉತ್ತಮ. ಆಟದ ಯಂತ್ರವನ್ನು ನೇರವಾಗಿ ಟೀವಿಗೆ ಕೊಟ್ಟು, ಅಲ್ಲಿಂದ ಸದ್ದನ್ನು ಸೌಂಡ್‌ಬಾರಿಗೆ ತಂದರೆ ಚಿತ್ರಕ್ಕೂ ಕುಂದಿಲ್ಲ.

ಅಂಗಡಿಯಾತ ೫.೧.೨ನ್ನು ಹಚ್ಚಿ, ಕಾರುಗಳು ಸಿಡಿದು ಹಾರುವ ಚಿತ್ರವೊಂದನ್ನು ಹಾಕಿದ. ಮಗನ ಮುಖ ಅರಳಿತು. ತಂದೆಯವರು ಮೆಲ್ಲನೆ ಬಾಗಿಲ ಕಡೆಗೆ ನೋಡಿದರು. “ಸ್ವಾಮಿ, ಕನ್ನಡ ವಾರ್ತೆ ಹಾಕಿ, ಅದೂ ಸಣ್ಣ ದನಿಯಲ್ಲಿ” ಎಂದೆ. ಒಂದೊಂದಾಗಿ ಕೇಳಿದೆವು. ನಡುವಿನ ಸ್ಪೀಕರಿದ್ದ ಸಾಧಾರಣ ಬೆಲೆಯ ೩.೧ರ ಸರದಿ ಬಂದಾಗ ತಂದೆಯವರು ಕಣ್ಣು ಮುಚ್ಚಿ, ವಾರ್ತೆಯವಳ ಬೆನ್ನಿಗೇ ಮಾತು ಮಾತನ್ನೂ ಒಪ್ಪಿಸತೊಡಗಿದರು. ನಾನು ಮಗನ ಕಡೆ ತಿರುಗುವ ಮೊದಲೇ ಅವನು, “ತಾತ, ಇದೇ ಇರಲಿ” ಎಂದ.

ಅಕ್ಕಪಕ್ಕದವರನ್ನೂ ಮರೆಯಬಾರದು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ವಿಧಿಸಿರುವ ಮಿತಿ ಹಗಲು ೫೫ ಡೆಸಿಬೆಲ್; ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫. ಸಬ್‌ವೂಫರಿನ ನಾದ ಗೋಡೆ, ನೆಲಗಳನ್ನು ದಾಟಿ ಹೋಗುವಂಥದು. ರಾತ್ರಿ ಅದನ್ನು ತಗ್ಗಿಸಿ, ಅಬ್ಬರವನ್ನು ಇಳಿಸಿ ಪಿಸುಮಾತನ್ನು ಏರಿಸುವ ‘ನೈಟ್ ಮೋಡ್’ ಇದ್ದರೆ ಬಳಸಿ.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ವಾಟು?’ ಎಂಬುದಲ್ಲ, ‘ಯಾರ ಕಿವಿಗಾಗಿ?’ ಎಂಬುದು. ಆ ಕಿವಿಯನ್ನೇ ಅಂಗಡಿಗೆ ಕರೆದೊಯ್ಯಿರಿ.

ಈಗ ನಮ್ಮಲ್ಲಿ ಸಂಜೆಯ ಜಗಳ ಮತ್ತೆ ಮೊದಲಾಗಿದೆ. ವಾರ್ತೆ ಮುಗಿದರೂ ತಂದೆಯವರು ಏಳುವುದಿಲ್ಲ. ಮೊಮ್ಮಗನ ಆಟಕ್ಕೆ ಸರದಿ ಸಿಗುವುದಿಲ್ಲ. ಈ ಜಗಳ ನಿಲ್ಲಲೆಂದು ಯಾರಿಗೂ ಅನಿಸಿಲ್ಲ.