ಮುಖ ಬೇಡ, ಲೆಕ್ಕ ತೋರಿಸಿ

ರಮಝಾನ್ ಮುಗಿದು ಪೆರ್ನಾಲ್ ಕಳೆದ ಮೇಲೂ ಈ ಪುಟಕ್ಕೆ ಫೋಟೊಗಳು ಬರುವುದು ನಿಂತಿಲ್ಲ. ಊರೂರಿನ ಕ್ಲಬ್‌ಗಳು, ಯುವಕರ ಸಂಘಗಳು, ಅವುಗಳ ಗಲ್ಫ್ ಘಟಕಗಳು ತಾವು ಮಾಡಿದ ಕೆಲಸದ ವರದಿ ಕಳುಹಿಸುತ್ತವೆ. ಸಂತೋಷ. ಕೆಲಸ ಮಾಡಿದವರು ವರದಿ ಕಳುಹಿಸಬೇಕು, ಅದನ್ನು ಹಾಕಲಿಕ್ಕೆಂದೇ ಈ ಪುಟ ಇರುವುದು. ಆದರೆ ಹೆಚ್ಚಿನ ಫೋಟೊಗಳು ಒಂದೇ ಅಚ್ಚಿನವು. ಹಿಂದೆ ಫ್ಲೆಕ್ಸ್, ಮುಂದೆ ಎಂಟು ಹತ್ತು ಮಂದಿ ಪದಾಧಿಕಾರಿಗಳು, ಎಲ್ಲರ ಕೈಯೂ ಒಂದೇ ಅಕ್ಕಿ ಚೀಲದ ಮೇಲೆ. ಆ ಚೀಲದ ಇನ್ನೊಂದು ತುದಿಯಲ್ಲಿ ಶಾಲು ಮುಂದೆ ಎಳೆದುಕೊಂಡು ತಲೆ ತಗ್ಗಿಸಿ ನಿಂತ ಒಬ್ಬರು ಉಮ್ಮ. ಕ್ಯಾಮೆರಾ ನೋಡಿ ಎಂದು ಯಾರೋ ಹೇಳಿದ್ದಾರೆ, ಅವರು ನೋಡಲಿಲ್ಲ.

ಈ ವಾರ ಆ ಉಮ್ಮನ ವಿಷಯ ಬರೆಯುತ್ತೇವೆ. ಅದಕ್ಕೆ ಮೊದಲು, ನಮ್ಮ ಕ್ಲಬ್‌ಗಳ ಮೇಲೆ ನಮಗೆ ಯಾವ ಕೋಪವೂ ಇಲ್ಲ ಎಂದು ಹೇಳಿಬಿಡುತ್ತೇವೆ. ಉಳ್ಳಾಲದಿಂದ ಉಪ್ಪಿನಂಗಡಿವರೆಗೆ, ಸುರತ್ಕಲ್‌ನಿಂದ ಸುಳ್ಯದವರೆಗೆ ಒಂದು ಕ್ಲಬ್ ಇಲ್ಲದ ಜಮಾಅತ್ ಹುಡುಕಬೇಕಷ್ಟೆ. ಹೆಚ್ಚಿನವು ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಆಡುವ ಹುಡುಗರು ಕಟ್ಟಿಕೊಂಡವು. "ಆಟ ಆಡಿ ಹಾಳಾಗ್ತಾರೆ" ಎಂದು ಒಂದು ಕಾಲದಲ್ಲಿ ನಾವೇ ಬೈದ ಹುಡುಗರು ಇವತ್ತು ರಕ್ತದಾನ ಶಿಬಿರ ಮಾಡುತ್ತಾರೆ, ಆ್ಯಂಬುಲೆನ್ಸ್ ಓಡಿಸುತ್ತಾರೆ, ಸೋರುವ ಮನೆಗೆ ಹಂಚು ಹೊದಿಸುತ್ತಾರೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಇಲ್ಲಿಂದ ಅಕ್ಕಿ, ಬಟ್ಟೆ ಹೊತ್ತು ಹೋದವರು ಇದೇ ಹುಡುಗರು.

ಅವರ ಹಿಂದೆ ಕಡಲಾಚೆಯ ಕೈ ಉಂಟು. ಅಬುಧಾಬಿಯ ಬ್ಯಾರೀಸ್ ವೆಲ್ಫೇರ್ ಫೋರಂ ಮಂಗಳೂರಿಗೆ ಬಂದು ಬಡ ಹೆಣ್ಮಕ್ಕಳ ಸಾಮೂಹಿಕ ನಿಖಾಹ್ ಮಾಡಿಸಿದ್ದು ಎಲ್ಲರಿಗೂ ಗೊತ್ತು. ಮೂಳೂರಿನ ಮರ್ಕಝ್ ನಿಂತದ್ದು ದಕ್ಷಿಣ ಕರ್ನಾಟಕ ಸುನ್ನಿ ಸೆಂಟರಿನ ಅನಿವಾಸಿಗಳ ದುಡಿಮೆಯಿಂದ. ದೊಡ್ಡ ಹೆಸರಿನವು ಇವು. ಹೆಸರು ಪತ್ರಿಕೆಯಲ್ಲಿ ಬಾರದ ಸಣ್ಣ ಸಣ್ಣ ಘಟಕಗಳು ದಮ್ಮಾಮ್‌ನಲ್ಲಿ, ಜುಬೈಲ್‌ನಲ್ಲಿ, ಶಾರ್ಜಾದಲ್ಲಿ, ಮಸ್ಕತ್‌ನಲ್ಲಿ ಎಷ್ಟೋ ಇವೆ. ಶುಕ್ರವಾರ ರಜೆಯ ದಿನ ರೂಮಿನಲ್ಲಿ ಇಪ್ಪತ್ತು ಮಂದಿ ಸೇರಿ, ಚಹಾ ಕುಡಿದು, ತಲಾ ಹತ್ತೋ ಇಪ್ಪತ್ತೋ ರಿಯಾಲ್ ಹಾಕಿ ಊರಿನ ಒಬ್ಬ ಡಯಾಲಿಸಿಸ್ ರೋಗಿಯನ್ನು ವರ್ಷಗಟ್ಟಲೆ ಸಾಕಿದವರುಂಟು.

ಇನ್ನು ನಮ್ಮ ಮದ್ರಸದ ಮಾತು. ಕೆಲವು ವರ್ಷಗಳ ಹಿಂದೆ ಐದನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಉಪ್ಪ ತೀರಿಹೋಗಿದ್ದರು, ಉಮ್ಮ ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕುತ್ತಿದ್ದರು. ಕುರ್‌ಆನ್ ಓದಲಿಕ್ಕೆ ಕೂತರೆ ಒಂದು ಅಕ್ಷರ ತಪ್ಪದ ಮಗು. ಆ ವರ್ಷ ರಮಝಾನಿಗೆ ಒಂದು ಸಂಘಟನೆಯವರು ಮದ್ರಸ ಹಾಲ್‌ನಲ್ಲೇ ಕಿಟ್ ವಿತರಣೆ ಇಟ್ಟರು. ಸ್ಟೇಜು, ಮೈಕು, ಅತಿಥಿಗಳು. ಒಬ್ಬೊಬ್ಬರ ಹೆಸರು ಕರೆದು ಕೊಟ್ಟರು. ಅದೇ ರಾತ್ರಿ ಫೋಟೊಗಳು ಊರಿನ ಎಲ್ಲ ಗ್ರೂಪಿಗೂ ಬಂದವು, ಕೆಲವರ ಸ್ಟೇಟಸ್ಸಿಗೂ ಏರಿದವು.

ಮರುದಿನ ಬೆಳಗ್ಗೆ ಮಕ್ಕಳು ಎಂತ ಮಾಡ್ತಾರೆ ಎಂದು ಹೇಳಬೇಕಾ? "ನಿನ್ನ ಉಮ್ಮ ಸ್ಟೇಜಿನಲ್ಲಿ ಇದ್ದರಲ್ಲ" ಎಂದು ಒಬ್ಬ ಹೇಳಿದ, ನಾಲ್ಕು ಮಂದಿ ನಕ್ಕರು. ಮಕ್ಕಳಿಗೆ ಕೆಟ್ಟ ಮನಸ್ಸು ಇರಲಿಲ್ಲ, ನೋಡಿದ್ದನ್ನು ಹೇಳಿದ್ದು. ಹುಡುಗ ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಒಂಬತ್ತನೇ ದಿನ ನಾವು ಅವರ ಮನೆಗೆ ಹೋದೆವು. ಹುಡುಗ ಒಳಗೆ ಓಡಿದ. ಉಮ್ಮ ಬಾಗಿಲ ಮರೆಯಲ್ಲೇ ನಿಂತು ಹೇಳಿದ ಮಾತು ಹೀಗಿತ್ತು: "ಉಸ್ತಾದರೇ, ಆ ಅಕ್ಕಿ ಮುಗಿದು ಹೋಯಿತು. ಫೋಟೊ ಇನ್ನೂ ಹೋಗ್ತಾ ಉಂಟು."

ಮುಂದಿನ ವರ್ಷ ಪಟ್ಟಿಯಲ್ಲಿ ಅವರ ಹೆಸರಿತ್ತು. ನಮಗೆ ಬೇಡ ಎಂದು ಅವರೇ ಹೊಡೆದು ಹಾಕಿಸಿದರು. ಕಷ್ಟ ಕಡಿಮೆಯಾಗಿ ಅಲ್ಲ, ಅದು ಇನ್ನೂ ಹೆಚ್ಚಾಗಿತ್ತು. ನಮ್ಮ ತಪ್ಪನ್ನೂ ಇಲ್ಲಿ ಬರೆಯಬೇಕು. ಆ ಫೋಟೊದ ಬಲತುದಿಯಲ್ಲಿ ನಾವೂ ಇದ್ದೆವು. ದುಆ ಮಾಡಿಸಲಿಕ್ಕೆ ಕರೆದಿದ್ದರು, ಹೋಗಿ ನಿಂತೆವು. ಆವತ್ತು ನಮಗೂ ಏನೂ ಅನಿಸಲಿಲ್ಲ.

ದೀನ್ ಇದರ ಬಗ್ಗೆ ಏನು ಹೇಳುತ್ತದೆ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರ ಮನಸ್ಸು ನೋಯಿಸಿ ನಿಮ್ಮ ಸದಕವನ್ನು ನೀವೇ ಹಾಳು ಮಾಡಿಕೊಳ್ಳಬೇಡಿ ಎಂಬ ಎಚ್ಚರಿಕೆ ಸೂರಃ ಅಲ್ ಬಕರದಲ್ಲಿ ಉಂಟು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವವನಿಗೆ ಅರ್ಶಿನ ನೆರಳಿದೆ ಎಂಬ ಹದೀಸನ್ನು ವಅಝ್‌ಗಳಲ್ಲಿ ಎಷ್ಟು ಸಲ ಕೇಳಿಲ್ಲ? ಆದರೆ ಅದೇ ಅಲ್ ಬಕರದಲ್ಲಿ, ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಕೊಟ್ಟರೆ ಇನ್ನೂ ಉತ್ತಮ ಎಂಬ ಅರ್ಥದ ಆಯತ್ತೂ ಇದೆ. ಕ್ಲಬ್‌ನವರು ಇದನ್ನು ಹಿಡಿದುಕೊಳ್ಳುತ್ತಾರೆ. "ನೋಡಿ ಉಸ್ತಾದ್, ಬಹಿರಂಗವಾಗಿ ಕೊಡಬಹುದು, ಒಬ್ಬರನ್ನು ನೋಡಿ ಇನ್ನೊಬ್ಬರು ಕೊಡ್ತಾರೆ" ಎಂದು. ಸರಿಯಾದ ಮಾತೇ. ಕೊಟ್ಟವನು ತನ್ನ ಹೆಸರು ಬಹಿರಂಗ ಮಾಡಲಿ, ಬೇಕಾದರೆ ಫ್ಲೆಕ್ಸಿನಲ್ಲಿ ದೊಡ್ಡದಾಗಿ ಹಾಕಲಿ, ಅದು ಅವನ ಮತ್ತು ಅಲ್ಲಾಹನ ನಡುವಿನ ವಿಷಯ. ಪಡೆದವಳ ಪರದೆಯನ್ನು ತೆಗೆಯುವ ಹಕ್ಕು ಅವನಿಗೆ ಎಲ್ಲಿಂದ ಬಂತು? ಅದೇ ಸೂರಃದಲ್ಲಿ ಇನ್ನೊಂದು ವರ್ಗದ ಬಡವರ ಪ್ರಸ್ತಾಪವಿದೆ. ಅವರು ಕೈ ಚಾಚುವುದಿಲ್ಲ, ಆದ್ದರಿಂದ ತಿಳಿಯದವರು ಅವರನ್ನು ಅನುಕೂಲಸ್ಥರೆಂದೇ ಭಾವಿಸುತ್ತಾರೆ. ಅಂಥವರನ್ನು ಹುಡುಕಿ ಕೊಡಬೇಕಾದವರು ನಾವು. ಸ್ಟೇಜಿಗೆ ಬಂದವರಿಗೆ ಮಾತ್ರ ಕಿಟ್ ಎಂದಾದರೆ ಅವರು ಯಾವತ್ತಿಗೂ ಸಿಗುವುದಿಲ್ಲ.

ಮಾಡುವ ರೀತಿಯಲ್ಲಿ ಮಾಡಿದರೆ ಆಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮಂಗಳೂರಿನ ವೆನ್ಲಾಕ್ 1848ರಿಂದ ಇರುವ ಸರಕಾರಿ ಆಸ್ಪತ್ರೆ. ಕೊಡಗಿನಿಂದ, ಚಿಕ್ಕಮಗಳೂರಿನಿಂದ, ಗಡಿಯಾಚೆ ಕಾಸರಗೋಡಿನಿಂದಲೂ ಬಡ ರೋಗಿಗಳು ಬರುತ್ತಾರೆ. ರೋಗಿಗೆ ಆಸ್ಪತ್ರೆಯ ಊಟ ಉಂಟು, ಜೊತೆಗೆ ಬಂದು ವರಾಂಡದಲ್ಲಿ ಮಲಗುವವರಿಗೆ ಇಲ್ಲ. ಎಂ. ಫ್ರೆಂಡ್ಸ್ ಚಾರಿಟೇಬಲ್ ಟ್ರಸ್ಟಿನವರು 'ಕಾರುಣ್ಯ' ಎಂಬ ಹೆಸರಿನಲ್ಲಿ ಆ ಜೊತೆಗಾರರಿಗೆ ರಾತ್ರಿ ಊಟ ಕೊಡುತ್ತಾ ಬಂದಿದ್ದಾರೆ. ರೋಗಿಯ ಜೊತೆ ಇದ್ದರೆ ಸಾಕು, ಜಾತಿ ಧರ್ಮ ನೋಡಿ ಬಡಿಸುವುದಲ್ಲ. ಹಸಿದವನು ಯಾವ ಊರಿನವನು ಎಂದು ನಾಳೆ ಯಾರಿಗೂ ನೆನಪಿರುವುದಿಲ್ಲ. ಸದಕಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಗಲ್ಫ್ ಘಟಕಗಳ ದೊಡ್ಡ ಕೆಲಸವೂ ಫೋಟೊ ತೆಗೆಯಲಿಕ್ಕೆ ಆಗದಂಥದ್ದೇ. ಸೌದಿಯಲ್ಲಿ ಒಬ್ಬ ಬ್ಯಾರಿ ಡ್ರೈವರ್ ನಿದ್ದೆಯಲ್ಲೇ ತೀರಿಕೊಂಡ ಎಂದಿಟ್ಟುಕೊಳ್ಳಿ. ಮಯ್ಯಿತ್ ಶವಾಗಾರದಲ್ಲಿ, ಮನೆಯವರು ಬಜ್ಪೆಯಲ್ಲಿ. ಅಲ್ಲೇ ದಫನ ಮಾಡುವುದೋ ಊರಿಗೆ ಕಳುಹಿಸುವುದೋ ಎಂದು ಮನೆಯವರ ಒಪ್ಪಿಗೆ ಪತ್ರ ಬೇಕು, ಅದಕ್ಕೆ ನೋಟರಿ ಸಹಿ ಬೇಕು. ಪೊಲೀಸರ ಕಾಗದ, ಆಸ್ಪತ್ರೆಯ ಕಾಗದ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ಕಫೀಲನಿಂದ ಬರಬೇಕಾದ ಸಂಬಳದ ಲೆಕ್ಕ. ಒಂದಕ್ಕೊಂದು ಗಂಟು. ಇದನ್ನೆಲ್ಲ ಬಿಡಿಸಲಿಕ್ಕೆ ತನ್ನ ಕೆಲಸಕ್ಕೆ ರಜೆ ಹಾಕಿ, ತನ್ನದೇ ಪೆಟ್ರೋಲ್ ಹಾಕಿ ಓಡಾಡುವ ಒಬ್ಬ ಕಾರ್ಯಕರ್ತ ಹೆಚ್ಚಿನ ಘಟಕಗಳಲ್ಲಿ ಇದ್ದಾನೆ. ಅವನ ಹೆಸರು ನಮ್ಮ ಪುಟಕ್ಕೆ ಬಂದದ್ದೇ ಇಲ್ಲ. ಬಡ ಕುಟುಂಬಕ್ಕೆ ಮಯ್ಯಿತ್ ತರಿಸುವ ಖರ್ಚನ್ನು ನಮ್ಮ ರಾಯಭಾರ ಕಚೇರಿಗಳ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕೇಳಬಹುದು ಎಂಬುದೂ ಅವನಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. 2009ರಿಂದ ಇರುವ ನಿಧಿ ಅದು. ಇದನ್ನು ಓದುವವರು ಮನೆಯಲ್ಲಿ ಒಂದು ಸಲ ಹೇಳಿಟ್ಟುಕೊಳ್ಳಿ.

2020ರ ಲಾಕ್‌ಡೌನ್ ದಿನಗಳು ನೆನಪಿರಬಹುದು. ವಿಮಾನ ಇಲ್ಲ, ಕೆಲಸ ಇಲ್ಲ, ರೂಮಿನ ಬಾಡಿಗೆ ಇಲ್ಲ. ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಬಂದದ್ದು ಮೇ 12ಕ್ಕೆ. ಸೀಟು ಸಿಕ್ಕಿದವರು ಕೆಲವೇ ಮಂದಿ. ಆಮೇಲೆ ಅನಿವಾಸಿ ಸಂಘಟನೆಗಳೇ ಚಾರ್ಟರ್ಡ್ ವಿಮಾನ ಗೊತ್ತುಪಡಿಸಿ ಗರ್ಭಿಣಿಯರನ್ನು, ರೋಗಿಗಳನ್ನು, ಕೆಲಸ ಕಳೆದುಕೊಂಡವರನ್ನು ಊರಿಗೆ ಕಳುಹಿಸಿದವು. ಬೀಗ ಹಾಕಿದ ಕ್ಯಾಂಪಿನ ಗೇಟಿಗೆ ಕುಬ್ಬೂಸ್, ಅಕ್ಕಿ ಇಟ್ಟು ಫೋನ್ ಮಾಡಿ ಹಿಂತಿರುಗಿದ ಹುಡುಗರಿದ್ದಾರೆ. ಪಡೆದವನ ಮುಖ ಅವರು ನೋಡಲೇ ಇಲ್ಲ, ಆದರೂ ಅನ್ನ ತಲುಪಿತು.

ಈಗ ಕ್ಲಬ್‌ನವರ ಗಟ್ಟಿ ವಾದಕ್ಕೆ ಬರೋಣ. "ಗಲ್ಫಿನಲ್ಲಿ ಹಣ ಕೊಟ್ಟವರು ಫೋಟೊ ಕೇಳ್ತಾರೆ, ಇಲ್ಲದಿದ್ದರೆ ನಂಬುವುದಿಲ್ಲ." ಇದನ್ನು ತಳ್ಳಿಹಾಕಲಿಕ್ಕೆ ಆಗುವುದಿಲ್ಲ. ಅಲ್ಲಿನ ದುಡ್ಡು ಮೊದಲಿನ ಹಾಗೆ ಸುಲಭದ್ದಲ್ಲ. ಸೌದಿಯಲ್ಲಿ 2017ರ ಜುಲೈಯಿಂದ ಕುಟುಂಬದ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಹೆಂಡತಿ, ಮೂರು ಮಕ್ಕಳಿದ್ದರೆ ವರ್ಷಕ್ಕೆ 19,200 ರಿಯಾಲ್. ಕುಟುಂಬವನ್ನು ಊರಿಗೆ ಕಳುಹಿಸಿ ಮತ್ತೆ ಬ್ಯಾಚುಲರ್ ರೂಮಿಗೆ ಸೇರಿದವನು ಆ ಉಳಿಕೆಯಲ್ಲೂ ಇಪ್ಪತ್ತು ರಿಯಾಲ್ ಕ್ಲಬ್ಬಿಗೆ ಕೊಡುತ್ತಾನೆ. ಅದು ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ಅವನಿಗೆ ಖಂಡಿತ ಉಂಟು.

ಆದರೆ ಆ ಫೋಟೊ ಅವನಿಗೆ ಎಂತ ತೋರಿಸುತ್ತದೆ ಮಾರಾಯ್ರೆ? ಒಂದು ಚೀಲ ಅಕ್ಕಿ ತೋರಿಸುತ್ತದೆ. ಒಟ್ಟು ಎಷ್ಟು ಬಂತು, ಎಷ್ಟು ಚೀಲ ತಂದರು, ಯಾವ ಅಂಗಡಿಯಲ್ಲಿ ಯಾವ ಕ್ರಯಕ್ಕೆ ತಂದರು, ಫ್ಲೆಕ್ಸಿಗೆ, ಶಾಲಿಗೆ, ಅತಿಥಿಗಳ ಊಟಕ್ಕೆ ಎಷ್ಟು ಹೋಯಿತು, ಬಾಕಿ ಎಷ್ಟು, ಒಂದೂ ಅದರಲ್ಲಿ ಕಾಣುವುದಿಲ್ಲ. ಅದು ಕಾಣುವುದು ಅಂಗಡಿಯ ಬಿಲ್ಲಿನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ. ಝಕಾತಿನ ಹಣ ಎಂದಾದರೆ ಇದು ಇನ್ನೂ ನಾಜೂಕು. ಅದಕ್ಕೆ ಸೂರಃ ಅತ್ತೌಬ ಎಂಟು ವರ್ಗದ ಹಕ್ಕುದಾರರನ್ನು ಹೇಳಿದೆ, ಆ ಎಂಟರಲ್ಲಿ ಪೆಂಡಾಲ್ ಇಲ್ಲ. ಝಕಾತ್ ಮತ್ತು ಸದಕ ಒಂದೇ ಖಾತೆಯಲ್ಲಿ ಕಲಸಿ ಹೋದರೆ ಯಾವುದು ಯಾವುದಕ್ಕೆ ಖರ್ಚಾಯಿತು ಎಂದು ಖಜಾಂಚಿಗೂ ಗೊತ್ತಾಗುವುದಿಲ್ಲ. ಕಮಿಟಿಯ ಕೈಯಲ್ಲಿ ಝಕಾತ್ ಕೊಡುವ ಮಸ್‌ಅಲವೇ ಬೇರೆ ಉಂಟು, ಅದನ್ನು ನಿಮ್ಮ ಖತೀಬರಲ್ಲಿ ಕೇಳಿ.

ಇನ್ನೊಂದು ಅಪಾಯವನ್ನು ನಮ್ಮ ಹುಡುಗರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು ಅಪರಾಧ. ದುಬೈಯಲ್ಲಿ 2015ರಲ್ಲೇ ಆದೇಶ ಬಂದಿತ್ತು, 2021ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಊರಿನಲ್ಲಿ ಕೂತು ರೋಗಿಯ ಮುಖ, ಅಕೌಂಟ್ ನಂಬ್ರ ಹಾಕಿ ನಾವು ಮಾಡಿದ ಪೋಸ್ಟರನ್ನು ಅಲ್ಲಿಯ ಹುಡುಗ ಹತ್ತು ಗ್ರೂಪಿಗೆ ಕಳುಹಿಸುತ್ತಾನೆ. ಸಿಕ್ಕಿಬಿದ್ದರೆ ಹೋಗುವುದು ಅವನ ಕೆಲಸ. ಇಲ್ಲಿ ಪಡೆದವಳ ಮಾನ, ಅಲ್ಲಿ ಕೊಟ್ಟವನ ಅನ್ನ, ಎರಡಕ್ಕೂ ಆ ಒಂದು ಫೋಟೊ ಸಾಕು.

ನಾವು ಕೇಳುವುದು ದೊಡ್ಡದಲ್ಲ. ಕಿಟ್ ಕೊಡುವುದಾದರೆ ರಾತ್ರಿ ಇಶಾ ಆದ ಮೇಲೆ ಇಬ್ಬರು ಹೋಗಿ ಮನೆ ಬಾಗಿಲಲ್ಲಿ ಇಟ್ಟು ಬನ್ನಿ. ಅಥವಾ ಗೂಡಂಗಡಿಯವರ ಹತ್ತಿರ ಹಣ ಕೊಟ್ಟು, ಇಂಥ ಮನೆಯ ಬಾಕಿ ತೀರಿತು ಎಂದು ಹೇಳಿಸಿ. ಪಟ್ಟಿ ಅಧ್ಯಕ್ಷ, ಕಾರ್ಯದರ್ಶಿ, ಖತೀಬರ ಆಚೆ ಹೋಗಬಾರದು. ಲೆಕ್ಕ ಮಾತ್ರ ಎಲ್ಲರಿಗೂ ಹೋಗಲಿ. ಬಂದದ್ದು, ಹೋದದ್ದು, ಉಳಿದದ್ದು ಒಂದು ಹಾಳೆಯಲ್ಲಿ ಬರೆದು, ಬಿಲ್ಲುಗಳ ಜೊತೆ ಮಸೀದಿಯ ನೋಟಿಸ್ ಬೋರ್ಡಿಗೆ ಹಚ್ಚಿ, ಅದರ ಫೋಟೊ ತೆಗೆದು ಗಲ್ಫ್ ಗ್ರೂಪಿಗೆ ಹಾಕಿ. ಬೇಕಾದರೆ ಆ ನೋಟಿಸ್ ಬೋರ್ಡಿನ ಪಕ್ಕದಲ್ಲಿ ಹತ್ತೂ ಮಂದಿ ಪದಾಧಿಕಾರಿಗಳು ನಿಲ್ಲಿ. ಆ ಫೋಟೊವನ್ನು ನಾವು ಮೂರು ಕಾಲಂನಲ್ಲಿ ಹಾಕುತ್ತೇವೆ.

ಈ ವಾರದಿಂದ ನೆರವು ಪಡೆಯುವವರ ಮುಖ ಇರುವ ಯಾವ ಚಿತ್ರವೂ ಈ ಪುಟದಲ್ಲಿ ಬರುವುದಿಲ್ಲ. ಕಿಟ್ ಆಗಲಿ, ಗಾಲಿಕುರ್ಚಿ ಆಗಲಿ, ಯತೀಂ ಮಕ್ಕಳ ಪುಸ್ತಕ ಆಗಲಿ. ಕಳೆದ ವಾರ ಬಂದ ನಾಲ್ಕು ಫೋಟೊಗಳು ನಮ್ಮಲ್ಲೇ ಉಳಿದಿವೆ. ಕಳುಹಿಸಿದವರು ಬೇಸರ ಮಾಡಬಾರದು. ಅದರ ಬದಲು ಲೆಕ್ಕದ ಹಾಳೆ ಕಳುಹಿಸಿ, ಮುಂದಿನ ವಾರವೇ ಪ್ರಕಟವಾಗುತ್ತದೆ.