ಗಾಯಾಳುವಿಗೆ ಗಡುವಿನ ಶಿಕ್ಷೆ ಬೇಡ

ಆರು ತಿಂಗಳು ಮೀರಿದೆ ಎಂಬ ಕಾರಣಕ್ಕೆ ರಸ್ತೆ ಅಪಘಾತದ ಪರಿಹಾರ ಅರ್ಜಿಗಳನ್ನು ವಜಾ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ನೀಡಿದ ಮಧ್ಯಂತರ ಆದೇಶ ಸ್ವಾಗತಾರ್ಹ. 1988ರ ಮೋಟಾರು ವಾಹನ ಕಾಯ್ದೆಯಲ್ಲಿದ್ದ ಕಾಲಮಿತಿಯನ್ನು ಸಂಸತ್ತೇ 1994ರಲ್ಲಿ ಕೈಬಿಟ್ಟಿತ್ತು. 2019ರ ತಿದ್ದುಪಡಿ ಅದನ್ನು ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ವಿಳಂಬಕ್ಕೆ ಸಕಾರಣವಿದ್ದರೆ ಮನ್ನಿಸುವ ಅವಕಾಶವನ್ನೂ ಈ ಬಾರಿ ಉಳಿಸಲಿಲ್ಲ. ಇದರ ಪೆಟ್ಟು ಬೀಳುವುದು ಕೊಡಗಿನ ಗೋಣಿಕೊಪ್ಪಲು ಸುತ್ತಮುತ್ತಲಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿರುವ ಕಾರ್ಮಿಕರಂಥವರ ಮೇಲೆ. ಗಂಭೀರ ಗಾಯವಾದರೆ ಮೈಸೂರಿನ ಆಸ್ಪತ್ರೆಗೆ ಓಡಬೇಕು. ಮೂಳೆ ಕೂಡಿ, ಅಂಗವೈಕಲ್ಯದ ಪ್ರಮಾಣ ಖಚಿತವಾಗಲು ತಿಂಗಳುಗಳೇ ಬೇಕು. ಕೊಯ್ಲು ಮುಗಿದೊಡನೆ ವಲಸೆ ಕುಟುಂಬಗಳು ಊರು ಬಿಡುತ್ತವೆ. ಮೊದಲ 7 ದಿನಗಳಿಗೆ 1.5 ಲಕ್ಷ ರೂ.ವರೆಗಿನ ನಗದುರಹಿತ ಚಿಕಿತ್ಸೆ 2025ರಿಂದ ದೊರೆಯುತ್ತಿದೆ ನಿಜ. ಆದರೆ ಕಳೆದುಹೋದ ದುಡಿಮೆಗೆ ಅದು ಪರಿಹಾರವಲ್ಲ.

ಸುಳ್ಳು ಅರ್ಜಿಗಳನ್ನು ತಡೆಯಲು ಗಡುವು ಬೇಕೆಂಬ ವಾದವನ್ನು ಒಪ್ಪಲಾಗದು. ಪೊಲೀಸ್ ಮತ್ತು ವೈದ್ಯಕೀಯ ದಾಖಲೆಗಳ ಕಟ್ಟುನಿಟ್ಟಿನ ಪರಿಶೀಲನೆಯೇ ಅದಕ್ಕೆ ಮದ್ದು. ನಿಜವಾದ ಗಾಯಾಳುವಿಗೆ ಬಾಗಿಲು ಮುಚ್ಚುವುದಲ್ಲ. ಮಧ್ಯಂತರ ಆದೇಶ ಶಾಶ್ವತ ರಕ್ಷಣೆಯೂ ಅಲ್ಲ. ಆದ್ದರಿಂದ ಸಂಸತ್ತು ಈ ಕಾಲಮಿತಿಯನ್ನು ರದ್ದುಪಡಿಸಬೇಕು, ಕನಿಷ್ಠಪಕ್ಷ ವಿಳಂಬ ಮನ್ನಿಸುವ ಅಧಿಕಾರವನ್ನು ನ್ಯಾಯಮಂಡಳಿಗಳಿಗೆ ಮರಳಿಸಬೇಕು. ಅಪಘಾತದ ಮಾಹಿತಿ ವರದಿಯನ್ನು ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ಸಲ್ಲಿಸುವುದು ಪೊಲೀಸರ ಶಾಸನಬದ್ಧ ಹೊಣೆ. ಕೊಡಗಿನ ಪ್ರತಿ ಠಾಣೆಯಲ್ಲೂ ಅದು ತಪ್ಪದೆ ಪಾಲನೆಯಾಗುವಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ನೋಡಿಕೊಳ್ಳಬೇಕು.